ಬಿಳಿಗಿರಿಯಲ್ಲಿ ನೆಲ್ಲಿಕಾಯಿ ಕಾಲ

ಶುಕ್ರವಾರ

ಸಂಕ್ರಾಂತಿ ಹತ್ತಿರ ಬಂದರೆ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಹಬ್ಬ ಮುಗಿದ ಕೂಡಲೇ ಬೆಟ್ಟದಲ್ಲಿ ಚಿಕ್ಕ ಜಾತ್ರೆ. ನಾನು ಹೊರಟಿದ್ದು ಜಾತ್ರೆಗಲ್ಲ. ಜನವರಿ ಅಂದರೆ ನೆಲ್ಲಿಕಾಯಿ ಕಾಲ. ಹುಲಿಗೆಂದು ಗೆರೆ ಎಳೆದ ಕಾಡಿನೊಳಗೆ ಇಲ್ಲಿನ ಬುಡಕಟ್ಟು ಜನ ಸೋಲಿಗರು ಈಗ ಏನು ಕೀಳುತ್ತಾರೆ, ಏನು ತಿನ್ನುತ್ತಾರೆ, ಎಷ್ಟು ಮಾರುತ್ತಾರೆ ಅಂತ ನೋಡುವ ಆಸೆ. ಬೆಟ್ಟದಲ್ಲಿ ಸಂಶೋಧನೆ ಮಾಡುವ ಗೆಳತಿಯೊಬ್ಬಳು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಒಂದು ಮನೆಗೆ ಹೇಳಿಟ್ಟಿದ್ದಳು.

ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆ ತಿರುವುಗಳಲ್ಲಿ ಏರುತ್ತದೆ. ಕೆಳಗೆ ಕುರುಚಲು, ಮೇಲೆ ಹೋದಂತೆ ಎಲೆ ಉದುರುವ ಕಾಡು, ಇನ್ನೂ ಮೇಲೆ ಕಣಿವೆಗಳಲ್ಲಿ ಶೋಲಾ ಎನ್ನುವ ಹಸಿರು ಕಾಡು ಮತ್ತು ಹುಲ್ಲುಗಾವಲು. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟ ಕೈ ಕೈ ಹಿಡಿಯುವ ಜಾಗ ಇದು. ಅದಕ್ಕೇ ಇಷ್ಟು ಚಿಕ್ಕ ಬೆಟ್ಟಸಾಲಿನಲ್ಲಿ ಇಷ್ಟೊಂದು ಬಗೆಯ ಕಾಡು. ಆದರೆ ಕಿಟಕಿಯಿಂದ ಕಣ್ಣಿಗೆ ಬೀಳುವುದು ಮುಖ್ಯವಾಗಿ ಹೊರದೇಶದಿಂದ ಬಂದ ಕಳೆಪೊದೆ ಲಂಟಾನ. ರಸ್ತೆಯ ಎರಡೂ ಕಡೆ ಆಳೆತ್ತರ ಎದ್ದು ನಿಂತಿದೆ. ಪಕ್ಕದಲ್ಲಿ ಕೂತವರು "ಜಿಂಕೆ ಜಿಂಕೆ" ಎಂದು ಕೂಗಿದಾಗ ಎಲ್ಲರೂ ಬಗ್ಗಿ ನೋಡಿದೆವು. ಕಂಡಿದ್ದು ಲಂಟಾನ ಮಾತ್ರ.

ಹಿಂದೆ ಪೋಡು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ಜಾಗದಲ್ಲಿ ಕಾಡು ಕಡಿದು, ಸುಟ್ಟು, ರಾಗಿ ಚೆಲ್ಲುವುದು. ಕೆಲವು ವರ್ಷ ಕಳೆದರೆ ಬೇರೆ ಕಡೆ ಹೋಗುವುದು. 1974ರಲ್ಲಿ ಇದು ವನ್ಯಜೀವಿಧಾಮ ಆಯಿತು. ಒಳಗಿನ ಪೋಡುಗಳನ್ನು ಎಬ್ಬಿಸಿ ರಸ್ತೆ ಬದಿಗೆ, ಕಾಡಂಚಿಗೆ ತಂದು ಕೂರಿಸಿದರು. ಬೇಟೆ ನಿಂತಿತು, ಬೆಂಕಿ ಹಾಕುವುದು ನಿಂತಿತು, ಊರು ಬದಲಿಸುವುದೂ ನಿಂತಿತು. ಉಳಿದಿದ್ದು ಕಾಡಿನಿಂದ ತರುವ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಅಳಲೆ, ಮರದ ಪಾಚಿ, ಮಾಗಳಿ ಬೇರು. ಅದೂ ನಿಂತ ಕಥೆ ಮುಂದೆ ಬರುತ್ತದೆ.

ನಾನು ಉಳಿದ ಮನೆಯಲ್ಲಿ ಅಜ್ಜಿ, ಅವರ ಮಗ, ಸೊಸೆ, ಇಬ್ಬರು ಮಕ್ಕಳು. ಮನೆ ಹಿಂದೆ ಕಾಫಿ ಗಿಡ, ಮೆಣಸಿನ ಬಳ್ಳಿ, ಎರಡು ಹಲಸು. ರಾತ್ರಿ ಊಟಕ್ಕೆ ರಾಗಿ ಮುದ್ದೆ, ಅವರೆಕಾಳು ಹಾಕಿದ ಬೆರಕೆ ಸೊಪ್ಪಿನ ಸಾರು. ಸೊಪ್ಪು ಯಾವುದು ಅಂತ ಕೇಳಿದೆ. ಹೊನಗೊನ್ನೆ, ಕನ್ನೆ, ಗಣಿಕೆ, ಆಮೇಲೆ ನನಗೆ ಗೊತ್ತೇ ಇಲ್ಲದ ಇನ್ನೆರಡು.

"ಇದೇನು ಸೊಪ್ಪಿನ ಕಾಲವಾ? ಮಳೆ ಬಿದ್ದ ಮೇಲೆ ಬಾ ಅಕ್ಕ," ಎಂದರು ಸೊಸೆ. ಮಳೆಗಾಲದಲ್ಲಿ ಅಣ್ಣೆ ಸೊಪ್ಪು, ತಗಚೆ ಸೊಪ್ಪು, ಅಣಬೆ, ಬಿದಿರ ಕಳಲೆ. ಆಗ ತರಕಾರಿಗೆ ದುಡ್ಡು ಕೊಡುವ ಕೆಲಸವೇ ಇಲ್ಲವಂತೆ.

ಮೈಸೂರಿನ ನನ್ನ ಅಡುಗೆಮನೆಯಲ್ಲಿ ವರ್ಷಪೂರ್ತಿ ಅದೇ ಬೀನ್ಸು, ಅದೇ ಕ್ಯಾರೆಟ್ಟು. ಸುಮ್ನೆ ಮುದ್ದೆ ಮುರಿದುಕೊಂಡು ಕೂತೆ.

ಶನಿವಾರ

ಬೆಳಗ್ಗೆ ಮಂಜು ಇಳಿಯುವ ಮೊದಲೇ ಪೋಡಿನ ಗುಂಪೊಂದು ನೆಲ್ಲಿಗೆ ಹೊರಟಿತು. ಗಂಡಸರು, ಹೆಂಗಸರು ಇಬ್ಬರೂ ಇದ್ದರು. ಚೀಲ, ಕತ್ತಿ, ಬುತ್ತಿ, ನೀರಿನ ಬಾಟಲಿ. ನಾನು ಅವರ ಜೊತೆ ಕಾಡಿನೊಳಗೆ ಹೋಗುವಂತಿಲ್ಲ. ಹೊರಗಿನವರಿಗೆ ಅನುಮತಿ ಬೇಕು, ಅದು ಸುಲಭವಾಗಿ ಸಿಗುವುದೂ ಇಲ್ಲ, ಸಿಗಬಾರದು ಕೂಡ ಅಂತ ನನ್ನ ಅಭಿಪ್ರಾಯ. ನನ್ನಂಥವರು ದಿನಾ ಹತ್ತು ಜನ ಹೋದರೆ ಆನೆಗೂ ನೆಮ್ಮದಿ ಇರಲ್ಲ, ಸೋಲಿಗರಿಗೂ ಇರಲ್ಲ. ಪೋಡಿನ ಅಂಚಿನಲ್ಲೇ ಎರಡು ನೆಲ್ಲಿ ಮರ ಇದ್ದವು. ಅಜ್ಜಿಯ ಮಗ ಅಲ್ಲಿಗೆ ಕರೆದುಕೊಂಡು ಹೋದರು. ಅಣ್ಣ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಕೀಳುವ ಕೆಲಸ ನೋಡಲು ಸಲೀಸು. ಮರ ಹತ್ತಿ ಕೊಂಬೆ ಅಲ್ಲಾಡಿಸಿದರೆ ಹಣ್ಣಾದ ಕಾಯಿ ಉದುರುತ್ತವೆ. ಉಳಿದದ್ದನ್ನು ಕೋಲಿನಿಂದ ಮೆಲ್ಲಗೆ ಬಡಿಯುವುದು. ಕೆಳಗಿರುವವರು ಆರಿಸಿ ಚೀಲ ತುಂಬುತ್ತಾರೆ. ಅಣ್ಣ ಒಂದು ಮರದಲ್ಲಿ ಅರ್ಧ ಮುಗಿಸಿ ಇಳಿದುಬಿಟ್ಟರು. ಮೇಲೆ ಇನ್ನೂ ಬೇಕಾದಷ್ಟು ಕಾಯಿ ತೂಗುತ್ತಿತ್ತು.

"ಅದು?"

"ಅದು ಕಡವೆಗೆ. ಜಿಂಕೆಗೆ. ಎಲ್ಲಾನೂ ನಾವೇ ಹೊತ್ಕಂಡು ಹೋದ್ರೆ ಬೀಜ ಉಗಿಯೋರು ಯಾರು?"

ಇದು ಬರೀ ಮಾತಲ್ಲ. ಜಿಂಕೆ, ಕಡವೆ, ಕಾಡುಕುರಿಗಳು ನೆಲ್ಲಿಕಾಯಿ ತಿಂದು, ಆಮೇಲೆ ಮೆಲುಕು ಹಾಕುವಾಗ ಓಟೆಯನ್ನು ಬೇರೆ ಕಡೆ ಉಗಿಯುತ್ತವೆ. ಹೊಸ ಸಸಿ ಹುಟ್ಟುವುದು ಹೆಚ್ಚಾಗಿ ಹಾಗೆ.

ಇಳಿಯುವಾಗ ಅಣ್ಣ ಇನ್ನೊಂದು ಕೆಲಸ ಮಾಡಿದರು. ಕೊಂಬೆಯೊಂದಕ್ಕೆ ಬೇರೆಯದೇ ಎಲೆಯ ಗಿಡ ಅಂಟಿಕೊಂಡಿತ್ತು. ಅದನ್ನು ಕತ್ತಿಯಿಂದ ಕಡಿದು ಎಸೆದರು. ಉಪ್ಪಿಲು ಎನ್ನುತ್ತಾರೆ, ಬದನಿಕೆಯ ಜಾತಿ. ಮರದ ಸಾರ ಹೀರಿ ಕೊನೆಗೆ ಮರವನ್ನೇ ಒಣಗಿಸುತ್ತದೆ. ಬೆಟ್ಟದ ನೆಲ್ಲಿ ಮರಗಳಿಗೆ ಇದರ ಕಾಟ ಜಾಸ್ತಿಯಾಗಿದೆ. ಯಾಕೆ ಅಂತ ಕೇಳಿದರೆ ಸೋಲಿಗರ ಉತ್ತರ ಒಂದೇ: ಬೆಂಕಿ ನಿಲ್ಲಿಸಿದ್ದಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಇದೇ ಜನವರಿ ಸುಮಾರಿಗೆ, ಹುಲ್ಲು ಪೂರ್ತಿ ಒಣಗುವ ಮುಂಚೆ, ಸೋಲಿಗರು ನೆಲದ ತರಗಿಗೆ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ. ಮೊಣಕಾಲೆತ್ತರಕ್ಕೂ ಏಳದ ಬೆಂಕಿ, ನೆಲ ಸವರಿಕೊಂಡು ಹೋಗಿ ಆರುತ್ತದೆ. ಅದರ ಹೊಗೆ, ಶಾಖಕ್ಕೆ ಉಪ್ಪಿಲು ಸಾಯುತ್ತಿತ್ತು, ಲಂಟಾನದ ಮರಿ ಗಿಡ ಸುಟ್ಟುಹೋಗುತ್ತಿತ್ತು, ಮಳೆ ಬಿದ್ದಾಗ ಹೊಸ ಹುಲ್ಲು ಬರುತ್ತಿತ್ತು ಎನ್ನುತ್ತಾರೆ. ವನ್ಯಜೀವಿಧಾಮ ಆದ ಮೇಲೆ ಬೆಂಕಿ ಅಪರಾಧ. ಲಂಟಾನ ಪೊದೆ ಬೆಳೆದು, ಒಣಗಿ, ಈಗ ಬೆಂಕಿ ಬಿದ್ದರೆ ಮರದ ತುದಿಗೆ ಹೋಗುತ್ತದೆ. ಈ ಮಾತನ್ನು ವಿಜ್ಞಾನಿಗಳು ಬಹಳ ಕಾಲ ತಲೆಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಇಲ್ಲೇ ಕೆಲಸ ಮಾಡುವ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಮತ್ತು ಹೊರಗಿನ ಕೆಲವು ಸಂಶೋಧಕರು ಸೋಲಿಗರ ಲೆಕ್ಕವನ್ನೇ ಎದುರಿಗಿಟ್ಟುಕೊಂಡು ಅಧ್ಯಯನ ಮಾಡಿದರು. 1997ಕ್ಕೂ 2008ಕ್ಕೂ ನಡುವೆ ಬೆಟ್ಟದಲ್ಲಿ ಲಂಟಾನ ಇರುವ ಜಾಗ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಆ ಹೊತ್ತಿಗೆ ಬೆಂಕಿ ನಿಂತು ಎಷ್ಟು ಕಾಲವಾಗಿತ್ತು ನೋಡಿ.

ಮಧ್ಯಾಹ್ನ ಪೋಡಿನ ಹಿರಿಯರೊಬ್ಬರ ಜೊತೆ ಕೂತೆವು. ಲ್ಯಾಂಪ್ಸ್ ಸೊಸೈಟಿಯಲ್ಲಿ ಬಹಳ ವರ್ಷ ಓಡಾಡಿದವರು. ಗಿರಿಜನರು ತಂದ ಕಾಡಿನ ವಸ್ತುವನ್ನು ತೂಕ ಹಾಕಿ ಕೊಳ್ಳುವ ಸಹಕಾರ ಸಂಘ ಅದು. ಅದಕ್ಕೂ ಮುಂಚೆ ಗುತ್ತಿಗೆದಾರರ ಕಾಲ. ಅವರು ಕೊಟ್ಟಷ್ಟೇ ದುಡ್ಡು, ಹೇಳಿದ್ದೇ ತೂಕ. ಸಂಘ ಬಂದ ಮೇಲೆ ಕೂಲಿ ಸ್ವಲ್ಪ ಗಟ್ಟಿಯಾಯಿತು. 1990ರ ದಶಕದಲ್ಲಿ ಮಾಡಿದ ಅಧ್ಯಯನದಲ್ಲಿ ಇಲ್ಲಿನ ಸೋಲಿಗರ ದುಡಿಮೆಯ ಸುಮಾರು ಅರ್ಧ, ಕೆಲವು ಪೋಡುಗಳಲ್ಲಿ ಅದಕ್ಕೂ ಜಾಸ್ತಿ, ಕಾಡಿನ ಸಂಗ್ರಹದಿಂದಲೇ ಬರುತ್ತಿತ್ತು. ಕೀಳುವ ಮುಂಚೆ ಮರಗಳಲ್ಲಿ ಎಷ್ಟು ಕಾಯಿ ಇದೆ ಅಂತ ಸೋಲಿಗರೇ ಸಂಶೋಧಕರ ಜೊತೆ ಸೇರಿ ಅಂದಾಜು ಹಾಕುವ ಪದ್ಧತಿಯೂ ಶುರುವಾಗಿತ್ತು.

ಅಷ್ಟರಲ್ಲಿ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂತು. ವನ್ಯಜೀವಿಧಾಮದಿಂದ ಏನನ್ನೂ ಮಾರಾಟಕ್ಕೆ ತೆಗೆಯುವಂತಿಲ್ಲ. ಅದಾಗಿ ಒಂದೆರಡು ವರ್ಷಕ್ಕೆ ಬೆಟ್ಟದಲ್ಲಿ ಸಂಗ್ರಹ ನಿಂತಿತು. ತಿನ್ನಬಹುದು, ಮಾರಬಾರದು. ಕಾನೂನಿನ ಪುಸ್ತಕದಲ್ಲಿ ಇದು ತುಂಬಾ ನ್ಯಾಯವಾಗಿ ಕಾಣುತ್ತದೆ. ಆದರೆ ಉಪ್ಪು, ಎಣ್ಣೆ, ಬಟ್ಟೆ ಕೊಳ್ಳುವ ದುಡ್ಡು ಎಲ್ಲಿಂದ ಬರಬೇಕು?

"ಮನೆಗೆ ನಾಲ್ಕು ನೆಲ್ಲಿಕಾಯಿ ಸಾಕು. ನಾಲ್ಕು ಕಾಯಿಗೆ ಯಾರು ಏಳು ಮೈಲಿ ನಡೀತಾರೆ?" ಎಂದರು ಹಿರಿಯರು.

ಆ ಮಾತು ನನಗೆ ಮುಖ್ಯ ಅನ್ನಿಸಿತು. ನಡೆಯುವುದು ನಿಂತರೆ ದಾರಿ ಮುಚ್ಚಿಕೊಳ್ಳುತ್ತದೆ. ದಾರಿ ಮುಚ್ಚಿದರೆ ಆ ಕಡೆಯ ನೂರೆ ಗೆಣಸಿನ ಬಳ್ಳಿ, ಜೇನು ಮರ, ನೀರಿನ ಅಬ್ಬಿ ಯಾವುದೂ ಹುಡುಗರಿಗೆ ಗೊತ್ತಾಗುವುದಿಲ್ಲ. ಮಾರುವುದಕ್ಕೆ ಹೋದವರೇ ತಿನ್ನುವುದನ್ನೂ ತರುತ್ತಿದ್ದರು. ಕಾನೂನು ಇವೆರಡನ್ನು ಬೇರೆ ಮಾಡಿತು, ಕಾಡಿನಲ್ಲಿ ಅವು ಯಾವತ್ತೂ ಬೇರೆ ಇರಲಿಲ್ಲ.

ಬೇಲಿಯಂತೆ ಬಂದ ಕಾಯ್ದೆಗೆ ಇನ್ನೊಂದು ಕಾಯ್ದೆಯೇ ಬಾಗಿಲು ತೆಗೆಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನೇ ಅಲ್ಲಿ ವಾಸಿಸುವವರಿಗೆ ಕೊಡುತ್ತದೆ, ಸಂಗ್ರಹಿಸಲು, ಬಳಸಲು, ಮಾರಲು. ವನ್ಯಜೀವಿಧಾಮವೂ ಅದರಿಂದ ಹೊರಗಲ್ಲ. ಸೋಲಿಗರು ಪೋಡು ಪೋಡಿನಲ್ಲಿ ಗ್ರಾಮಸಭೆ ಮಾಡಿ ಅರ್ಜಿ ಹಾಕಿದರು. ಯಾವ ಕುಲದವರ ದೇವರು ಎಲ್ಲಿದೆ, ಮಾರಮ್ಮ ಎಲ್ಲಿ, ವೀರು ಎಲ್ಲಿ, ಕಲ್ಲುಗುಡಿ ಎಲ್ಲಿ, ಅಬ್ಬಿ ಎಲ್ಲಿ ಅಂತ ಕಾಡು ಸುತ್ತಿ ನಕ್ಷೆ ಮಾಡಿದರು. ಒಂದು ಕುಲದ ಇಂಥ ಪವಿತ್ರ ಜಾಗಗಳಿರುವ ಸೀಮೆಗೆ ಯಲ್ಲೆ ಎನ್ನುತ್ತಾರೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಸಂಜೆ ಗುಂಪು ವಾಪಸ್ ಬಂತು. ಚೀಲಗಳು ಅರ್ಧ ಖಾಲಿ. ಒಂದು ಕಡೆ ಲಂಟಾನದೊಳಗೆ ಆನೆ ನಿಂತಿತ್ತಂತೆ, ಹತ್ತು ಹೆಜ್ಜೆ ದೂರಕ್ಕೆ ಬರುವವರೆಗೂ ಕಂಡಿಲ್ಲ. ಎಲ್ಲರೂ ಸದ್ದು ಮಾಡದೆ ಹಿಂದಕ್ಕೆ ಸರಿದು ಬೇರೆ ಗುಡ್ಡಕ್ಕೆ ಹೋಗಿ ಬಂದಿದ್ದಾರೆ. ಹಕ್ಕುಪತ್ರ ಇದ್ದರೂ ಪೊದೆಯೊಳಗಿನ ಆನೆಗೆ ಅದನ್ನು ತೋರಿಸಲಾಗುವುದಿಲ್ಲವಲ್ಲ.

ಭಾನುವಾರ

ಇವತ್ತು ಅಜ್ಜಿಯ ದಿನ. ನೂರೆ ಗೆಣಸು ಅಗೆಯಲು ಹೊರಟಾಗ ಮೊಮ್ಮಗಳು ಜೊತೆಗೆ ಬಂದಳು. ಆರನೇ ಕ್ಲಾಸು, ಹಾಸ್ಟೆಲ್‌ನಲ್ಲಿ ಓದು, ಹಬ್ಬದ ರಜೆಗೆ ಬಂದಿದ್ದಾಳೆ. ಪೋಡಿನ ಹೊಲ ದಾಟಿದರೆ ತೊರೆಯ ಪಕ್ಕ ಮರಗಳ ನೆರಳು. ನನ್ನ ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಅಜ್ಜಿ ಒಣಗಿದ ಒಂದು ಬಳ್ಳಿಯ ಎಳೆ ಹಿಡಿದು ಕೆಳಗೆ ಬಗ್ಗಿದರು. ಎಲೆ ಪೂರ್ತಿ ಉದುರಿದೆ. ಬಳ್ಳಿ ಒಣಗಿದ ಮೇಲೇ ಗೆಣಸು ಬಲಿತಿರುವುದು, ಆಮೇಲೆ ಗಾಳಿಗೆ ಬಳ್ಳಿ ತುಂಡಾಗಿ ಹೋದರೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಹಾಗಾಗಿ ಈ ಕೆಲಸಕ್ಕೆ ವರ್ಷದಲ್ಲಿ ಸ್ವಲ್ಪ ದಿನ ಮಾತ್ರ.

ಹಾರೆಯಿಂದ ಮಣ್ಣು ಕೆದಕುತ್ತಾ, ಕೈಯಿಂದ ಎತ್ತಿ ಹಾಕುತ್ತಾ, ಅಜ್ಜಿ ಮೊಣಕೈ ಮುಳುಗುವಷ್ಟು ಗುಂಡಿ ತೋಡಿದರು. ವಯಸ್ಸು ಎಷ್ಟು ಅಂತ ಅವರಿಗೂ ಲೆಕ್ಕ ಇಲ್ಲ, ಆದರೆ ನಾನು ಹಾರೆ ತಗೊಂಡು ಹತ್ತು ಸಲ ಹಾಕಿದ್ದಕ್ಕೆ ಉಸಿರು ಬಿಟ್ಟೆ. ಕೊನೆಗೆ ಗೆಣಸು ಕಂಡಿತು. ಮೈಮೇಲೆಲ್ಲ ಸಣ್ಣ ಬೇರಿನ ಕೂದಲು. ಅಜ್ಜಿ ಅದನ್ನು ಪೂರ್ತಿ ಎಳೆಯಲಿಲ್ಲ. ಬಳ್ಳಿ ಸೇರುವ ತಲೆಯ ಭಾಗವನ್ನು ಕತ್ತರಿಸಿ ಅಲ್ಲೇ ಬಿಟ್ಟು, ಕೆಳಗಿನದನ್ನು ಮಾತ್ರ ತೆಗೆದರು. ಮತ್ತೆ ಗುಂಡಿಗೆ ಸಡಿಲ ಮಣ್ಣು ತುಂಬಿ, ಮೇಲೆ ತರಗು ಸರಿಸಿದರು. ಮಳೆ ಬಿದ್ದರೆ ಆ ತಲೆ ಚಿಗುರುತ್ತದೆ. ಅಗೆದ ಮಣ್ಣು ಸಡಿಲ ಇರುವುದರಿಂದ ಮುಂದಿನ ಗೆಣಸು ಇನ್ನೂ ದಪ್ಪ.

"ಅವ್ವನೂ ಇಲ್ಲೇ ಅಗೀತಿದ್ಲು," ಎಂದರು. ಅಂದರೆ ಈ ಗುಂಡಿ ಎರಡು ತಲೆಮಾರಿನದು. ಇದನ್ನು ಕಾಡು ಗೆಣಸು ಅನ್ನಬೇಕೋ ಬೆಳೆದ ಗೆಣಸು ಅನ್ನಬೇಕೋ? ಇಲಾಖೆಯ ಫಾರಂನಲ್ಲಿ ಇದಕ್ಕೆ ಕಾಲಂ ಇರಲಾರದು.

ಕಾಡಿನಲ್ಲಿ ಗೆಣಸಿನ ಜಾತಿ ಹಲವು. ಕೆಲವನ್ನು ಹಾಗೇ ಬೇಯಿಸಿ ತಿನ್ನಬಹುದು. ಕೆಲವು ಕಹಿ, ಹೆಚ್ಚಿ ಹರಿವ ನೀರಿನಲ್ಲಿಟ್ಟು, ಮತ್ತೆ ಮತ್ತೆ ಬೇಯಿಸಿ ವಿಷ ತೆಗೆಯಬೇಕು. ಯಾವುದು ಯಾವುದು ಅಂತ ಮೊಮ್ಮಗಳಿಗೆ ಅಜ್ಜಿ ಬಳ್ಳಿ ಸುತ್ತುವ ದಿಕ್ಕು, ಮುಳ್ಳು, ಎಲೆ ಎಲ್ಲ ಹೇಳಿಕೊಟ್ಟರು. ಎಲೆ ಇಲ್ಲದ ಕಾಲದಲ್ಲಿ ಎಲೆಯ ಪಾಠ! ಹುಡುಗಿ ಆಕಳಿಸಿದಳು. ಆದರೆ ವಾಪಸ್ ಬರುವಾಗ ತಾನೇ ಒಂದು ಬಳ್ಳಿ ಹುಡುಕಿ ತೋರಿಸಿದಳು. ಅಜ್ಜಿ ಏನೂ ಹೊಗಳಲಿಲ್ಲ, ಹಾರೆಯನ್ನು ಅವಳ ಕೈಗೆ ಕೊಟ್ಟರು.

ಮನೆಯಲ್ಲಿ ಗೆಣಸನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಕಳೆದ ವರ್ಷದ ಜೇನು ಸುರಿದು ಕೊಟ್ಟರು. ಪಿಷ್ಟದ ಸಪ್ಪೆ ರುಚಿಗೆ ಕಾಡುಜೇನಿನ ಒಗರು ಸಿಹಿ. ಇದಕ್ಕಾಗಿಯೇ ಇನ್ನೊಮ್ಮೆ ಬರಬಹುದು.

ಜೇನಿನ ಮಾತು ಬಂದ ಮೇಲೆ ಅಣ್ಣ ಕೂತಲ್ಲೇ ಉತ್ಸಾಹಿಯಾದರು. ನಾಲ್ಕು ಬಗೆ. ಎತ್ತರದ ಮರ, ಬಂಡೆಗಳಲ್ಲಿ ಕಟ್ಟುವ ಹೆಜ್ಜೇನು. ಮರದ ಪೊಟರೆಯ ತುಡುವೆ. ಪೊದೆಯ ಕಡ್ಡಿಗೆ ಅಂಗೈಯಗಲ ಕಟ್ಟುವ ಕೋಲುಜೇನು. ಸೊಳ್ಳೆಯಷ್ಟು ಸಣ್ಣ ನಸರಿ, ಕಚ್ಚಲ್ಲ, ಅದರ ಜೇನು ಹುಳಿ, ಮದ್ದಿಗೆ ಬೇಕು. ಮಾರಾಟಕ್ಕೆ ಹೆಚ್ಚು ಬರುವುದು ಹೆಜ್ಜೇನು. ಚಳಿಗಾಲದಲ್ಲಿ ಬಂದು ಕಟ್ಟುತ್ತದೆ, ಏಪ್ರಿಲ್‌ನಿಂದ ಜೂನ್‌ವರೆಗೆ ಕೊಯ್ಲು, ಮಳೆ ಜೋರಾದರೆ ಎದ್ದು ಹೋಗುತ್ತದೆ. ಕತ್ತಲಲ್ಲಿ ಹತ್ತುವುದು. ಹಸಿರು ಸೊಪ್ಪು ಸುತ್ತಿದ ಹೊಗೆಯ ಕಂತೆ, ಬಳ್ಳಿ ಅಥವಾ ಹಗ್ಗ, ಬಿದಿರಿನ ಮೆಟ್ಟಿಲು. ಹತ್ತುವಾಗ ಜೇನಿಗೆ ಹಾಡು ಹೇಳುತ್ತಾರೆ. ಮರಿ ಇರುವ ಭಾಗ ಬಿಟ್ಟು ತುಪ್ಪ ಇರುವ ಭಾಗ ಮಾತ್ರ ಕೊಯ್ಯಬೇಕು, ಮರದಲ್ಲಿ ಕೆಲವು ಹುಟ್ಟುಗಳನ್ನು ಮುಟ್ಟಬಾರದು.

"ಕೆಳಗೆ ಒಂದು ತುಂಡು ಇಟ್ಟು ಬರ್ತೀವಿ."

"ಯಾರಿಗೆ?"

"ಹುಲಿಗೆ. ಅದಕ್ಕೆ ಮರ ಹತ್ತಕ್ಕೆ ಆಗಲ್ವಲ್ಲ."

ಎಲ್ಲರೂ ನಕ್ಕರು, ಆದರೆ ತಮಾಷೆಗೆ ಹೇಳಿದ್ದಲ್ಲ. ಹುಲಿವೀರಪ್ಪ ಅವರಿಗೆ ದೇವರು. ಅಂದಹಾಗೆ, ಬೆಟ್ಟದಲ್ಲಿ ಹುಲಿಗಳ ಲೆಕ್ಕ 2010ರಲ್ಲಿ ಸುಮಾರು 35 ಇದ್ದದ್ದು 2014ಕ್ಕೆ 68 ಆಯಿತು ಎಂದು ವರದಿಯಾಗಿತ್ತು. ಸೋಲಿಗರು ಹಕ್ಕುಪತ್ರ ಹಿಡಿದುಕೊಂಡು ಕಾಡಿಗೆ ಹೋಗುತ್ತಿದ್ದ ವರ್ಷಗಳೇ ಅವು. ಸೋಲಿಗರಿಂದಲೇ ಹುಲಿ ಹೆಚ್ಚಾಯಿತು ಅಂತ ನಾನು ಹೇಳಲಾರೆ. ಅವರಿದ್ದರೆ ಹುಲಿ ಉಳಿಯಲ್ಲ ಎನ್ನುವವರು ಮಾತ್ರ ಈ ಲೆಕ್ಕಕ್ಕೆ ಏನಾದರೂ ಉತ್ತರ ಕೊಡಬೇಕು.

ರಾತ್ರಿ ಪಕ್ಕದ ಮನೆಯ ಹುಡುಗ ಬಂದ. ಕೊಡಗಿನ ಕಾಫಿ ತೋಟದಲ್ಲಿ ಕೆಲಸ, ಜಾತ್ರೆಗೆ ಬಂದಿದ್ದಾನೆ. ನೆಲ್ಲಿಗೆ ಯಾಕೆ ಹೋಗಲ್ಲ ಅಂತ ಕೇಳಿದೆ. ತೋಟದಲ್ಲಿ ವಾರ ವಾರ ದುಡ್ಡು ಬರುತ್ತದೆ, ನೆಲ್ಲಿ ಒಂದು ವರ್ಷ ಬಿಡುತ್ತೆ ಒಂದು ವರ್ಷ ಬಿಡಲ್ಲ ಎಂದ. "ಜೇನಿಗೆ ಮಾತ್ರ ರಜೆ ಹಾಕಿ ಬತ್ತೀನಿ." ಅದಕ್ಕೆ ಅಣ್ಣನಿಗೆ ಸಮಾಧಾನ. ಹತ್ತುವವರು ಇಲ್ಲದಿದ್ದರೆ ಹಕ್ಕು ಇದ್ದು ಏನು ಮಾಡುವುದು ಅಂತ ಅವರಿಗೆ ಒಳಗೇ ಚಿಂತೆ ಇದ್ದ ಹಾಗಿತ್ತು.

ಸೋಮವಾರ

ಬೆಳಗ್ಗೆ ದೇವಸ್ಥಾನಕ್ಕೆ ಹೋಗಿ ಬಂದೆ. ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನಂತೆ. ಹಾಗಾಗಿ ಇಲ್ಲಿ ದೇವರು ಭಾವ. ಭಾವನ ಮನೆ ಎಂದು ಗಲಾಟೆ ಮಾಡುವ ಸಲುಗೆ ಅವರಿಗಿದೆ, ನಮಗಿಲ್ಲ.

ಮೈಸೂರಿನಿಂದ ಅಕ್ಕನ ಫೋನು: "ಮಾಗಳಿ ಬೇರು ಸಿಕ್ಕಿದರೆ ಒಂದು ಕೆಜಿ ತಗೊಂಡು ಬಾ, ಉಪ್ಪಿನಕಾಯಿಗೆ." ನಮ್ಮ ಕಡೆ ಮನೆಮನೆಯಲ್ಲಿ ಇದರ ಹುಚ್ಚು. ಆ ಪರಿಮಳ ಬೇರೆ ಯಾವುದಕ್ಕೂ ಇಲ್ಲ, ಒಪ್ಪುತ್ತೇನೆ. ಆದರೆ ನೆಲ್ಲಿಯ ಹಾಗೆ ಕಾಯಿ ಕಿತ್ತು ಮರ ಬಿಡುವ ಕೆಲಸ ಅಲ್ಲ ಇದು. ಅಗೆಯುವುದು ಬೇರನ್ನೇ. ಪೇಟೆಯ ಆಸೆಗೆ ಬುಡಸಮೇತ ಕೀಳುತ್ತಾ ಹೋಗಿ ದಕ್ಷಿಣದ ಬೆಟ್ಟಗಳಲ್ಲೆಲ್ಲ ಮಾಗಳಿ ಕಡಿಮೆಯಾಗಿದೆ. ಮೊದಲು ಅರ್ಧ ದಿನಕ್ಕೆ ಸಿಗುತ್ತಿದ್ದದ್ದು ಈಗ ಎರಡು ದಿನ ಹುಡುಕಿದರೂ ಸಿಗಲ್ಲ ಎಂದು ಅಜ್ಜಿಯೇ ಹೇಳಿದ್ದರು. ಸೋಲಿಗರು ಮಾಡಿದ್ದೆಲ್ಲ ಕಾಡಿಗೆ ಒಳ್ಳೆಯದೇ ಅಂತ ಹಾಡುವವರು ಈ ಬೇರನ್ನು ಮರೆಯುತ್ತಾರೆ. ಹಾಗೇ ಅದನ್ನು ಕೊಂಡು ತಿಂದ ನಮ್ಮ ಜಾಡಿಗಳನ್ನೂ ಮರೆಯುತ್ತಾರೆ. ಅಕ್ಕನಿಗೆ ನೆಲ್ಲಿಕಾಯಿ ತರುತ್ತೇನೆ ಎಂದೆ.

ವಾಪಸ್ ಬರಲು ಕ್ಯಾತದೇವರಗುಡಿ ರಸ್ತೆ ಹಿಡಿದು ಚಾಮರಾಜನಗರದ ಬಸ್ಸು ಹತ್ತಿದೆ. ಈ ದಾರಿಯೇ ಚೆಂದ. ಒಂದು ಕಡೆ ಇಲಾಖೆಯವರು ಲಂಟಾನ ಕಡಿಸಿದ್ದರು, ಬಯಲಾದ ಜಾಗದಲ್ಲಿ ಐದಾರು ಕಾಡೆಮ್ಮೆ ಮೇಯುತ್ತಿದ್ದವು. ಬುಡ ಸಮೇತ ಕೀಳದಿದ್ದರೆ ಎರಡು ಮಳೆಗೆ ಮತ್ತೆ ಬರುತ್ತದೆ ಎಂದು ಪಕ್ಕದ ಸೀಟಿನಲ್ಲಿದ್ದವರು ಹೇಳಿದರು. ಅವರೂ ಸೋಲಿಗರು, ಕಡಿಯುವ ಕೂಲಿಗೆ ಹೋಗಿದ್ದವರು.

ಹೋಗುವವರಿಗೆ ಒಂದೆರಡು ಮಾತು. ರಾತ್ರಿ ಚೆಕ್‌ಪೋಸ್ಟ್ ಮುಚ್ಚುತ್ತಾರೆ, ಬೆಳಕಿರುವಾಗಲೇ ಬೆಟ್ಟ ಸೇರಿ. ಪೋಡಿನವರನ್ನು "ಕಾಡಿನೊಳಗೆ ಕರೆದುಕೊಂಡು ಹೋಗಿ" ಎಂದು ಕಾಡಬೇಡಿ, ನಿಮಗೆ ದಂಡ ಬೀಳುತ್ತದೆ, ಅವರಿಗೆ ಅದಕ್ಕಿಂತ ದೊಡ್ಡ ತೊಂದರೆ. ಜೇನು, ನೆಲ್ಲಿ, ಕಾಫಿಪುಡಿ ಬೇಕಾದರೆ ಸೋಲಿಗರ ಸಂಘದಿಂದ ಕೊಳ್ಳಿ, ರಸ್ತೆ ಬದಿಯ ಬೆಲ್ಲದ ಪಾಕದಿಂದ ದೂರ ಇರಿ. ನೆಲ್ಲಿಕಾಯಿ ಡಿಸೆಂಬರ್, ಜನವರಿ. ಹೊಸ ಜೇನು ಜೂನ್ ಹೊತ್ತಿಗೆ. ಸೊಪ್ಪು, ಅಣಬೆ ತಿನ್ನುವ ಆಸೆ ಇದ್ದರೆ ಕೊಡೆ ಹಿಡಿದುಕೊಂಡು ಹೋಗಿ, ಜಿಗಣೆಗೆ ಸ್ವಲ್ಪ ಸುಣ್ಣ, ಹೊಗೆಸೊಪ್ಪು ಜೊತೆಗಿರಲಿ.